ಯಾವ ಹಾವು?

ಕಳೆದ ಹಿಂಗಾರಿ ಸುಗ್ಗಿಯಲ್ಲಿ ನನ್ನ ಮಾತಿನಿಂದ ಒಂದು ಹಾವು ಸತ್ತಿತು.

ರೋಣ ತಾಲ್ಲೂಕಿನ ನನ್ನ ತಾಯಿಯ ತವರೂರಿನಲ್ಲಿ ಕಡಲೆ ಕೀಳುವ ಕೆಲಸ ನಡೆದಿತ್ತು. ಬಿಸಿಲು ಏರಿದರೆ ಕಾಯಿ ಉದುರುತ್ತವೆ ಎಂದು ಮಂಜು ಆರುವ ಮೊದಲೇ ಆಳುಗಳು ಎರಿ ಹೊಲಕ್ಕೆ ಇಳಿದಿದ್ದರು. ಹಿಂದಿನ ದಿನ ಕಿತ್ತು ಒಟ್ಟಿದ್ದ ಗುಡ್ಡೆಯೊಂದನ್ನು ಎತ್ತಿದಾಗ ಅದರ ಕೆಳಗೆ ಹಾವೊಂದು ಮುದುಡಿಕೊಂಡು ಮಲಗಿತ್ತು. ಮೊಳದ ಮೇಲೆ ಸ್ವಲ್ಪ ಉದ್ದ, ದಪ್ಪ ಮೈ, ಮಾಸಲು ಬಣ್ಣದ ಮೇಲೆ ಕಡುಕಂದು ಕಲೆಗಳು. ಹೆಂಗಸರು ಕೂಗಿಕೊಂಡು ಹಿಂದೆ ಸರಿದರು. ಮಾಮಾ ಕೈಯಲ್ಲಿ ಬಡಿಗೆ ಹಿಡಿದು ಓಡಿ ಬಂದವರು ಹೊಡೆಯುವ ಮುಂಚೆ ನನ್ನ ಕಡೆ ತಿರುಗಿದರು. "ನೀ ಓದಿದಾಕಿ ಇದ್ದೀ, ಹೇಳು ಮತ್ತ. ಯಾವ ಹಾವಿದು?"

ನಾನು ಫೋನಿನಲ್ಲಿ ಚಿತ್ರ ತೆಗೆದು ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಕಲೆಗಳು ಸಾಲಾಗಿ ಕಂಡವು. "ಮಂಡಲ ಇರಬೇಕು ಮಾಮಾ" ಎಂದೆ. ಎರಡೇ ಏಟಿಗೆ ಅದು ಸತ್ತಿತು.

ಆಳುಗಳಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯೊಬ್ಬಳು ಹತ್ತಿರ ಬಂದು ಕುಡುಗೋಲಿನ ತುದಿಯಿಂದ ಅದನ್ನು ಹೊರಳಿಸಿದಳು. "ಬಾಲ ನೋಡಲಿಲ್ಲೇನ ತಂಗೀ? ಮಂಡಲದ ಬಾಲ ಸಣ್ಣಗ ಇಳಕೋತ ಹೋಗ್ತೈತಿ. ಇದು ಮೊಂಡ ಐತಲ್ಲ. ಮಣ್ಣುಮುಕ್ಕ ಇದು, ಪಾಪ" ಎಂದಳು. ಸಂಜೆ, ಹಾವು ಹಿಡಿದು ದೂರ ಬಿಟ್ಟು ಬರುವ ಗೆಳೆಯರೊಬ್ಬರಿಗೆ ಚಿತ್ರ ಕಳಿಸಿದೆ. ಅವರೂ ಅದನ್ನೇ ಹೇಳಿದರು. ವಿಷವಿಲ್ಲದ ಹಾವು. ಸಡಿಲ ಮಣ್ಣಿನಲ್ಲಿ ಹುದುಗಿಕೊಂಡು ಇಲಿ ಹಿಡಿದು ತಿನ್ನುತ್ತದೆ. ರೈತನಿಗೆ ಅದರಿಂದ ಲಾಭವೇ ಹೊರತು ಕೇಡಿಲ್ಲ.

ಇದನ್ನು ನಾನಿಲ್ಲಿ ಬರೆಯಲು ಕಾರಣವಿದೆ. ಆ ವಾರ ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧ ಬರೆದಿಟ್ಟಿದ್ದ ಅಧ್ಯಾಯದ ಹೆಸರು 'ಕನ್ನಡ ಸಾಹಿತ್ಯದಲ್ಲಿ ನಾಗಸಂಕೇತ'. ಹಾವಿನ ಬಗ್ಗೆ ನಲವತ್ತು ಪುಟ ಬರೆದಿದ್ದ ನನಗೆ ಎದುರಿಗಿದ್ದ ಹಾವು ಯಾವುದೆಂದು ಗೊತ್ತಾಗಲಿಲ್ಲ. ಅದು ನನ್ನೊಬ್ಬಳ ಅಜ್ಞಾನವಷ್ಟೇ ಆಗಿದ್ದರೆ ನಾಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಆ ಅಜ್ಞಾನದಲ್ಲಿ ನಾವು ಸಾಹಿತ್ಯ ಓದುವ ಕ್ರಮದ ಪಾಲೂ ಇದೆ ಎಂದು ಆಮೇಲೆ ಅನ್ನಿಸಿತು.

ಮೊದಲು ಆ ಹೊಲದಲ್ಲಿ ನಾನು ಏನನ್ನು ನೋಡಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಕೊಳಕುಮಂಡಲದ ಮೈಮೇಲೆ ಅಂಡಾಕಾರದ ಕಲೆಗಳ ಮೂರು ಸಾಲು ಇರುತ್ತವೆ. ಪ್ರತಿ ಕಲೆಗೂ ಕಪ್ಪು ಅಂಚು. ಬೆನ್ನಿನ ಸಾಲು ಸರಪಳಿಯಂತೆ ಕಾಣುತ್ತದೆ. ತಲೆ ತ್ರಿಕೋನಾಕಾರ, ಕುತ್ತಿಗೆ ಬೇರೆಯಾಗಿ ಕಾಣುತ್ತದೆ, ಮೂಗಿನ ಹೊಳ್ಳೆ ದೊಡ್ಡದು. ಕೆಣಕಿದರೆ ಕುಕ್ಕರಿನ ಹಬೆ ಹೊರಬಿದ್ದಂತೆ ಜೋರಾಗಿ ಬುಸುಗುಟ್ಟುತ್ತದೆ. ಮಣ್ಣುಮುಕ್ಕದ ಕಲೆಗಳಿಗೆ ಅಂಥ ಶಿಸ್ತಿಲ್ಲ. ಅವು ಒಂದಕ್ಕೊಂದು ಕೂಡಿಕೊಂಡು ಬೆನ್ನಿನುದ್ದಕ್ಕೂ ಅಂಕುಡೊಂಕಾಗಿ ಹೋಗುತ್ತವೆ. ತಲೆಗೂ ಮೈಗೂ ನಡುವೆ ಕುತ್ತಿಗೆಯೆಂದು ಹೇಳುವಂಥದ್ದು ಇರುವುದಿಲ್ಲ. ಕಣ್ಣು ಸಣ್ಣದು. ಬಾಲ ಗಿಡ್ಡ, ತುದಿ ಮೊಂಡು. ನಾನು ಬಣ್ಣ ನೋಡಿದೆ, ಆಕಾರ ನೋಡಲಿಲ್ಲ. ಅಜ್ಜಿ ಆಕಾರ ನೋಡಿದಳು.

ಇದೇ ಬಗೆಯ ಇನ್ನೊಂದು ಜೋಡಿಯೂ ನಮ್ಮ ಕಡೆ ಇದೆ. ಕಟ್ಟುಹಾವು ಮತ್ತು ತೋಳದ ಹಾವು. ಎರಡರ ಮೈಮೇಲೂ ಬಿಳಿಯ ಅಡ್ಡಪಟ್ಟಿಗಳು. ಕಟ್ಟುಹಾವಿನ ಪಟ್ಟಿಗಳು ತೆಳ್ಳಗಿದ್ದು ಸಾಮಾನ್ಯವಾಗಿ ಜೋಡಿಜೋಡಿಯಾಗಿರುತ್ತವೆ. ಕುತ್ತಿಗೆಯಿಂದ ಸ್ವಲ್ಪ ದೂರದಲ್ಲಿ ಶುರುವಾಗಿ ಬಾಲದ ಕಡೆ ಹೋದಂತೆ ಸ್ಪಷ್ಟವಾಗುತ್ತವೆ. ತೋಳದ ಹಾವಿನ ಪಟ್ಟಿಗಳು ಕುತ್ತಿಗೆಯ ಹತ್ತಿರವೇ ಶುರುವಾಗಿ ಬಾಲದ ಕಡೆ ಮಾಸುತ್ತವೆ. ಮೊದಲನೆಯದು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ, ಅಷ್ಟು ಅಪಾಯಕಾರಿ. ಎರಡನೆಯದು ಹಲ್ಲಿ ಹುಡುಕಿಕೊಂಡು ಗೋಡೆ ಹತ್ತುವ ವಿಷವಿಲ್ಲದ ಹಾವು. ಪಟ್ಟಿ ಎಲ್ಲಿ ಶುರುವಾಯಿತು ಎಂಬಷ್ಟನ್ನು ನೋಡಿದರೆ ಬಹಳಷ್ಟು ಸಲ ಉತ್ತರ ಸಿಗುತ್ತದೆ. ಸಂಶಯ ಉಳಿದರೆ ದೂರ ನಿಲ್ಲುವುದೇ ಉತ್ತರ.

ಈ ನೋಟವನ್ನು ನನಗೆ ಸಾಹಿತ್ಯ ಕಲಿಸಿರಲಿಲ್ಲ. ಅದು ಕಲಿಸಿದ್ದು ಬೇರೆ. ಕನ್ನಡದ ಪುಸ್ತಕಗಳಲ್ಲಿ ಹಾವಿಗೆ ಕಡಿಮೆಯಿಲ್ಲ, ಆದರೆ ಅಲ್ಲಿರುವುದು ಹೆಚ್ಚುಕಡಿಮೆ ಒಂದೇ ಹಾವು. ಶಾಲೆಯಲ್ಲಿ ಮೊದಲು ಬಾಯಿಪಾಠ ಮಾಡಿದ್ದು ಪಂಜೆ ಮಂಗೇಶರಾಯರ ಹಾವಿನ ಪದ್ಯ. ಅಲ್ಲಿ ಮಗು ಕೈಮುಗಿದು ಕರೆಯುವುದು ನಾಗರಹಾವನ್ನು. ತ.ರಾ.ಸು. ಅವರ 'ನಾಗರಹಾವು' ಕಾದಂಬರಿಯಲ್ಲಿ ಹೆಸರು ಒಬ್ಬ ಮುಂಗೋಪಿ ಹುಡುಗನಿಗೆ ಸಲ್ಲುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದ ಮೇಲೆ ಚಿತ್ರದುರ್ಗದ ರಾಮಾಚಾರಿಯೇ ಕನ್ನಡಿಗರ ಮನಸ್ಸಿನ ನಾಗರಹಾವಾದ. ಗಿರೀಶ ಕಾರ್ನಾಡರ 'ನಾಗಮಂಡಲ'ದ ಹುತ್ತದಲ್ಲಿರುವುದೂ ನಾಗನೇ. ನಮ್ಮ ಕಡೆ ಪಂಚಮಿಗೆ ಹಾಲೆರೆಯುವುದು ಮಣ್ಣಿನ ಇಲ್ಲವೇ ಕಲ್ಲಿನ ನಾಗಪ್ಪನಿಗೆ. ಕೇರೆಹಾವು, ನೀರುಹಾವು, ಮಣ್ಣುಮುಕ್ಕಗಳಿಗೆ ಹಬ್ಬವಿಲ್ಲ.

ನಾಗರಹಾವಿಗೆ ಹೆಡೆ ಇದೆ. ಎದ್ದು ನಿಲ್ಲುತ್ತದೆ, ಎದುರಿಗೆ ನೋಡುತ್ತದೆ, ಮನುಷ್ಯನಂತೆ ಮುಖಾಮುಖಿಯಾಗುತ್ತದೆ. ಕವಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಇದನ್ನು ನಾನು ದೂರುತ್ತಿಲ್ಲ. ನನ್ನ ತಕರಾರು ಇರುವುದು ನಾವು ವಿಮರ್ಶಕರು ಮಾಡುವ ಕೆಲಸದ ಬಗ್ಗೆ. ಪುಟದ ಮೇಲೆ 'ಹಾವು' ಎಂದು ಕಂಡ ಕೂಡಲೇ ನಾವು ಅದನ್ನು 'ನಾಗ' ಎಂದು ಓದುತ್ತೇವೆ. 'ನಾಗ' ಎಂದು ಓದಿದ ಕೂಡಲೇ ಕಾಮ, ಫಲವಂತಿಕೆ, ವಂಶ, ಶಾಪ ಎಂಬ ನಾಲ್ಕು ಡಬ್ಬಿಗಳಲ್ಲಿ ಒಂದಕ್ಕೆ ಹಾಕುತ್ತೇವೆ. ನನ್ನ ನಲವತ್ತು ಪುಟಗಳಲ್ಲಿ ನಡೆದಿರುವುದು ಇದೇ. ಹಾವು ಎಲ್ಲಿಂದ ಬಂತು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿತ್ತು ಎಂದು ನಾನು ಒಂದು ಕಡೆಯೂ ಕೇಳಿಲ್ಲ.

'ನಾಗಮಂಡಲ'ವನ್ನೇ ತೆಗೆದುಕೊಳ್ಳಿ. 1988ರಲ್ಲಿ ಪ್ರಕಟವಾದ ಈ ನಾಟಕಕ್ಕೆ ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಜನಪದ ಕಥೆಗಳು ಆಧಾರ. ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಹೋಗುತ್ತಾನೆ. ವಶೀಕರಣದ ಬೇರು ಕಲಸಿದ ಸಾರನ್ನು ಆಕೆ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದರ ರುಚಿ ಕಂಡ ನಾಗ ರಾತ್ರಿ ಬಚ್ಚಲ ಮೋರಿಯಿಂದ ಒಳಗೆ ಬಂದು ಗಂಡನ ರೂಪ ತಾಳುತ್ತಾನೆ. ಈ ನಾಟಕದ ಬಗ್ಗೆ ಬರೆಯುವಾಗ ನಾನೂ ಎಲ್ಲರಂತೆ ಹಗಲಿನ ಗಂಡ ಮತ್ತು ರಾತ್ರಿಯ ಗಂಡ, ಗಂಡಾಳ್ವಿಕೆ, ಹೆಣ್ಣಿನ ಎಚ್ಚರ ಎಂದೆಲ್ಲ ಬರೆದಿದ್ದೆ. ಅದರಲ್ಲಿ ತಪ್ಪಿಲ್ಲ. ಆದರೆ ಹೊಲದಿಂದ ಬಂದ ಮೇಲೆ ಮತ್ತೆ ಓದಿದಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ರಾಣಿಯ ಮುಂದೆ ಗುರುತುಗಳು ಒಂದೊಂದಾಗಿ ಬರುತ್ತವೆ. ಮೈ ತಣ್ಣಗಿದೆ. ಮೈಮೇಲೆ ಗಾಯವಿದೆ. ಕನ್ನಡಿಯಲ್ಲಿ ಬೇರೇನೋ ಕಾಣುತ್ತದೆ. ಹಗಲಿನವನ ನಡತೆಗೂ ರಾತ್ರಿಯವನ ನಡತೆಗೂ ತಾಳೆಯಿಲ್ಲ. ಅವಳು ಪ್ರಶ್ನೆ ಕೇಳುತ್ತಾಳೆ, ಉತ್ತರ ಸಿಗುವುದಿಲ್ಲ, ಕೇಳುವುದನ್ನು ಬಿಡುತ್ತಾಳೆ. ಇದು ಗುರುತು ಹಿಡಿಯಬಲ್ಲವಳು ಗುರುತು ಹಿಡಿಯದೆ ಇರಲು ಒಪ್ಪಿಕೊಂಡ ಕಥೆ. ಕೊನೆಗೆ ಪಂಚಾಯಿತಿಯ ಎದುರು ಆಕೆ ಹಾವನ್ನೇ ಕೈಯಲ್ಲಿ ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಊರು ಅವಳನ್ನು ದೇವಿಯೆನ್ನುತ್ತದೆ. ಊರಿನವರಿಗೂ ಆ ಹಾವಿನ ಗುರುತು ಸಿಕ್ಕಿಲ್ಲ, ಆ ಹೆಣ್ಣಿನದೂ ಸಿಕ್ಕಿಲ್ಲ. ನಾಗವನ್ನು ಬರೀ ಕಾಮದ ಸಂಕೇತವೆಂದು ಓದಿ ಮುಗಿಸಿದರೆ, ರಾಣಿ ನೋಡಿದ್ದನ್ನು ನೋಡಲಿಲ್ಲವೆಂದುಕೊಂಡ ಆ ಹಿಂಸೆ ನಮ್ಮ ಕೈ ತಪ್ಪಿಹೋಗುತ್ತದೆ.

ನಾವು ಸಂಕೇತಕ್ಕೆ ಎಷ್ಟು ಬೇಗ ಶರಣಾಗುತ್ತೇವೆ ಎಂಬುದನ್ನು ಬಸವಣ್ಣ ಎಂಟು ನೂರು ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಕಲ್ಲಿನ ಹಾವಿಗೆ ಹಾಲು, ಜೀವವಿರುವ ಹಾವಿಗೆ ಬಡಿಗೆ ಎಂಬ ಆ ವಚನದ ಮಾತು ಎಲ್ಲರಿಗೂ ಗೊತ್ತು. ಸಂಕೇತವನ್ನು ಪೂಜಿಸಿ ವಸ್ತುವನ್ನು ಕೊಲ್ಲುವವರ ಬಗ್ಗೆ ಇದಕ್ಕಿಂತ ಚುರುಕಾದ ವಿಮರ್ಶೆ ಕನ್ನಡದಲ್ಲಿ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಆ ವಚನದ ದಿಟದ ಹಾವು ಕೂಡ ನಾಗರವೇ. ಕಲ್ಲಿನಲ್ಲೂ ಇಲ್ಲದ, ಹಾಲಿನಲ್ಲೂ ಪಾಲಿಲ್ಲದ, ಬಡಿಗೆಯಲ್ಲಿ ಮಾತ್ರ ಪಾಲಿರುವ ಹಾವುಗಳ ಮಾತು ಅಲ್ಲಿ ಬರುವುದಿಲ್ಲ. ನಮ್ಮ ಹೊಲದಲ್ಲಿ ಸತ್ತದ್ದು ಅಂಥದೊಂದು. ಇಂದು ನಾವು ಆ ವಚನವನ್ನೂ ಭಾಷಣದ ಸಾಲಾಗಿ ಬಳಸುತ್ತೇವೆ. ಅದನ್ನು ಹೇಳಿದ ಮೇಲೆ ಮನೆಯ ಹಿತ್ತಲಲ್ಲಿ ಹಾವು ಕಂಡಾಗ ನಮ್ಮ ಕೈ ಏನನ್ನು ಹುಡುಕುತ್ತದೆ ಎಂಬುದು ಬೇರೆ ಮಾತು.

ತತ್ವಶಾಸ್ತ್ರದ ಕಡೆ ತಿರುಗಿದರೆ ಅಲ್ಲಿ ಸಿಗುವುದು ಹಗ್ಗ ಮತ್ತು ಹಾವು. ಮಬ್ಬು ಬೆಳಕಿನಲ್ಲಿ ಹಗ್ಗ ಹಾವಿನಂತೆ ಕಾಣುತ್ತದೆ. ಬೆಳಕು ತಂದರೆ ಹಾವು ಮಾಯ, ಭಯವೂ ಮಾಯ. ಅದ್ವೈತಿಗಳಿಗೆ ಬಹಳ ಪ್ರಿಯವಾದ ಉದಾಹರಣೆ ಇದು. ರೈತನ ಲೆಕ್ಕದಲ್ಲಿ ಈ ತಪ್ಪಿನಿಂದ ನಷ್ಟವಿಲ್ಲ, ಹಗ್ಗವನ್ನು ನೋಡಿ ಹೆದರಿದವನು ಮನೆಗೆ ಹೋಗಿ ನಗುತ್ತಾನೆ. ಅಪಾಯ ಇರುವುದು ಹಾವನ್ನು ಹಗ್ಗವೆಂದು ತಿಳಿದು ಕೈಹಾಕಿದವನಿಗೆ. ಇವೆರಡನ್ನೂ ಬಿಟ್ಟು ಮೂರನೆಯ ತಪ್ಪೊಂದಿದೆ. ಹಾವನ್ನು ಹಾವೆಂದೇ ಕಂಡು, ಒಂದು ಹಾವನ್ನು ಇನ್ನೊಂದೆಂದು ತಿಳಿಯುವುದು. ಇಲ್ಲಿ ಬೆಳಕು ತಂದರೂ ಸಾಲದು. ಅಂದು ಹೊಲದಲ್ಲಿ ಬೆಳಕಿಗೆ ಕೊರತೆಯಿರಲಿಲ್ಲ, ನನ್ನ ಕೈಯಲ್ಲಿ ಫೋನೂ ಇತ್ತು. ಇಲ್ಲದ್ದು ಹೋಲಿಸಿ ನೋಡುವ ಅಭ್ಯಾಸ.

ಈ ಮೂರನೆಯ ತಪ್ಪಿನ ಬಗ್ಗೆ ಒಂದು ಕಥೆ ಇದೆ. ನಮ್ಮ ಕಡೆ ಭಾರತ ಎಂದರೆ ಗದುಗಿನ ಭಾರತ, ಕುಮಾರವ್ಯಾಸನದು. ನಾನು ಹೇಳುತ್ತಿರುವ ಕಥೆ ಸಂಸ್ಕೃತ ಮಹಾಭಾರತದ ಆದಿಪರ್ವದ್ದು. ಜನಮೇಜಯನ ಸರ್ಪಯಾಗದ ಪ್ರಸಿದ್ಧ ಕಥೆಗೆ ಮುಂಚೆ, ಪೌಲೋಮ ಉಪಪರ್ವದಲ್ಲಿ ಬರುತ್ತದೆ. ರುರು ಎಂಬ ಋಷಿಕುಮಾರ. ಅವನು ಮದುವೆಯಾಗಬೇಕಿದ್ದ ಪ್ರಮದ್ವರೆ ಆಟದ ನಡುವೆ ಮಲಗಿದ್ದ ಹಾವನ್ನು ತುಳಿದು, ಕಚ್ಚಿಸಿಕೊಂಡು ಸಾಯುತ್ತಾಳೆ. ರುರು ತನ್ನ ಆಯುಷ್ಯದಲ್ಲಿ ಅರ್ಧ ಕೊಟ್ಟು ಅವಳನ್ನು ಬದುಕಿಸಿಕೊಳ್ಳುತ್ತಾನೆ. ಆದರೆ ಸಿಟ್ಟು ಆರುವುದಿಲ್ಲ. ಅಂದಿನಿಂದ ಕಂಡ ಕಂಡ ಹಾವನ್ನೆಲ್ಲ ಹೊಡೆದು ಕೊಲ್ಲುತ್ತ ತಿರುಗುತ್ತಾನೆ. ಒಂದು ದಿನ ಕಾಡಿನಲ್ಲಿ ಮುದಿ ಡುಂಡುಭವೊಂದು ಮಲಗಿರುವುದನ್ನು ಕಂಡು ದೊಣ್ಣೆ ಎತ್ತುತ್ತಾನೆ. ಡುಂಡುಭ ಎಂದರೆ ವಿಷವಿಲ್ಲದ ಹಾವು. ಅದು ಮಾತಾಡುತ್ತದೆ. ನಾನು ನಿನಗೇನು ಮಾಡಿದ್ದೇನೆ, ಕಚ್ಚುವ ಹಾವುಗಳು ಬೇರೆ, ನಾವು ಬೇರೆ, ಹಾವಿನ ಹೋಲಿಕೆಯಿದೆ ಎಂಬಷ್ಟಕ್ಕೆ ನಮ್ಮನ್ನು ಕೊಲ್ಲಬೇಡ ಎನ್ನುತ್ತದೆ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗ ಮುಂದಿದೆ. ಆ ಡುಂಡುಭ ಹಿಂದೆ ಸಹಸ್ರಪಾತ್ ಎಂಬ ಋಷಿ. ಹುಡುಗಾಟಕ್ಕೆ ಹುಲ್ಲಿನಿಂದ ಒಂದು ಹಾವು ಮಾಡಿ, ಅಗ್ನಿಹೋತ್ರದಲ್ಲಿದ್ದ ಗೆಳೆಯ ಖಗಮನನ್ನು ಹೆದರಿಸಿದ. ಗೆಳೆಯ ಮೂರ್ಛೆ ಹೋದ. ಎಚ್ಚರವಾದ ಮೇಲೆ ಶಾಪ ಕೊಟ್ಟ: ನೀನು ಮಾಡಿದ ಹಾವಿಗೆ ಎಷ್ಟು ಶಕ್ತಿಯಿತ್ತೋ ಅಷ್ಟೇ ಶಕ್ತಿಯ ಹಾವಾಗು. ಹುಲ್ಲಿನ ಹಾವನ್ನು ಮಾಡಿದವನು, ಅಂದರೆ ಹಾವಿನ ಪ್ರತಿಮೆಯನ್ನು ಮಾಡಿದವನು, ತಾನೇ ವಿಷವಿಲ್ಲದ ಹಾವಾಗಿ, ವಿಷದ ಹಾವಿನ ಪಾಲಿನ ಏಟನ್ನು ಎದುರಿಸಬೇಕಾಯಿತು. ಹಾವಿನ ಸಂಕೇತದ ಬಗ್ಗೆ ಅಧ್ಯಾಯ ಬರೆಯುತ್ತಿದ್ದ ನನಗೆ ಇದು ತಮಾಷೆಯಾಗಿ ಕಾಣಲಿಲ್ಲ. ನಾವು ಕಟ್ಟಿದ ಪ್ರತಿಮೆಯಿಂದ ಹುಟ್ಟಿದ ಭಯವನ್ನು ಯಾರು ಅನುಭವಿಸುತ್ತಾರೆ ಎಂದು ಕಥೆ ಕೇಳುತ್ತಿತ್ತು. ನಮ್ಮ ಹೊಲದಲ್ಲಿ ಅದನ್ನು ಅನುಭವಿಸಿದ್ದು ಮಣ್ಣುಮುಕ್ಕ.

ರುರುವನ್ನು ಕಥೆ ದುಷ್ಟನೆಂದು ಚಿತ್ರಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅವನ ಸಿಟ್ಟಿಗೆ ಕಾರಣವಿದೆ. ನನ್ನ ಮಾಮಾನ ಅಣ್ಣ, ನಾನು ನೋಡದ ದೊಡ್ಡ ಮಾಮಾ, ಅದೇ ಹೊಲದಲ್ಲಿ ರಾತ್ರಿ ನೀರು ಹಾಯಿಸುವಾಗ ಮಂಡಲ ಕಚ್ಚಿ ತೀರಿಕೊಂಡವರು. ಮನೆಯಲ್ಲಿ ಈಗಲೂ ಅದರ ಮಾತು ಬಂದರೆ 'ಹಾವು' ಎನ್ನುವುದಿಲ್ಲ, "ಹುಳ ಮುಟ್ಟಿತ್ತು" ಎನ್ನುತ್ತಾರೆ. ಬಡಿಗೆ ಎತ್ತಿದ ಮಾಮಾ ಕ್ರೂರಿಯಲ್ಲ. ಅವರು ಒಂದು ಕ್ಷಣ ನಿಂತು ಪ್ರಶ್ನೆ ಕೇಳಿದರು. ಆ ಒಂದು ಕ್ಷಣ ರುರುವಿಗೆ ಡುಂಡುಭ ಕೊಟ್ಟದ್ದಕ್ಕೆ ಸಮ. ಉತ್ತರ ಕೊಡಬೇಕಾದವಳು ನಾನಾಗಿದ್ದೆ.

ಹಾಗಾದರೆ ಕನ್ನಡದಲ್ಲಿ ಈ ಬಗೆಯ ನೋಟವೇ ಇಲ್ಲವೇ? ಇದೆ, ಆದರೆ ನಾವು ಅದನ್ನು ಸಾಹಿತ್ಯದ ಕಪಾಟಿನಲ್ಲಿ ಇಟ್ಟಿಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯ ಗ್ರಂಥವನ್ನು ಪದ್ಯದಲ್ಲಿ ಬರೆದ. ಖಗೇಂದ್ರ ಎಂದರೆ ಗರುಡ. ಕವಿಯಾಗಿದ್ದವನು ವಿಷ ಮತ್ತು ಮದ್ದುಗಳ ವಿವರವನ್ನು ಛಂದಸ್ಸಿಗೆ ಹೊಂದಿಸಿದ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವನಿಗೆ ಸಿಗುವುದು 'ಶಾಸ್ತ್ರಸಾಹಿತ್ಯ' ಎಂಬ ತಲೆಬರಹದ ಕೆಳಗೆ ಒಂದು ಪ್ಯಾರಾ. ಇನ್ನೂ ಹಿಂದಕ್ಕೆ ಹೋದರೆ ಸುಶ್ರುತ ಸಂಹಿತೆಯ ಕಲ್ಪಸ್ಥಾನ ಹಾವುಗಳನ್ನು ಐದು ಬಗೆಯಾಗಿ ವಿಂಗಡಿಸಿ 80 ಎಂದು ಎಣಿಸುತ್ತದೆ. ಹೆಡೆಯುಳ್ಳವು ದರ್ವೀಕರ, ಮೈಮೇಲೆ ಮಂಡಲಗಳುಳ್ಳವು ಮಂಡಲಿ, ಗೆರೆಗಳುಳ್ಳವು ರಾಜಿಮಂತ, ವಿಷವಿಲ್ಲದವು ನಿರ್ವಿಷ, ಬೆರಕೆಯವು ವೈಕರಂಜ. ವಿಂಗಡಣೆ ಮಾಡಿದವರು ಮೈಯನ್ನು ನೋಡಿ ಮಾಡಿದ್ದಾರೆ. ಆ 'ಮಂಡಲಿ' ಇಂದಿಗೂ ನಮ್ಮ ಬಾಯಲ್ಲಿದೆ: ಕೊಳಕುಮಂಡಲ, ಗರಗಸಮಂಡಲ. ಶಾಸ್ತ್ರದಲ್ಲಿದ್ದ ಮಾತು ಕಡಲೆ ಕೀಳುವವರ ನಾಲಿಗೆಯ ಮೇಲಿದೆ, ನಡುವೆ ಇರಬೇಕಾಗಿದ್ದ ಕಾವ್ಯದಲ್ಲಿ ಅದು ಕಾಣುವುದು ಅಪರೂಪ.

ಕೊಳಕುಮಂಡಲದ ಇಂಗ್ಲಿಷ್ ಹೆಸರಿನಲ್ಲಿರುವುದು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಅವನು ಕೋರಮಂಡಲ ಕರಾವಳಿಯ ಹಾವುಗಳ ಮೇಲೆ ಬರೆದ ದೊಡ್ಡ ಪುಸ್ತಕ 1796ರಲ್ಲಿ ಬಂತು. ಆ ಪುಸ್ತಕದಲ್ಲಿ ಅವನು ಹಾವುಗಳಿಗೆ ಅಲ್ಲಿನ ಜನ ಹೇಳುತ್ತಿದ್ದ ತೆಲುಗು ಹೆಸರುಗಳನ್ನು ಬರೆದಿಟ್ಟ. ಮುಂದೆ ಈ ಹಾವಿಗೆ ಅವನ ಹೆಸರೇ ಅಂಟಿತು. 'ರಸೆಲ್ಸ್ ವೈಪರ್' ಎಂದರೆ ಯಾರು ಬರೆದರು ಎಂದು ಗೊತ್ತಾಗುತ್ತದೆ, ಹಾವಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. 'ಕೊಳಕುಮಂಡಲ' ಎಂದರೆ ಮೈಮೇಲಿನ ಗುರುತು ಗೊತ್ತಾಗುತ್ತದೆ, ಕಚ್ಚಿದ ಜಾಗ ಕೊಳೆಯುವ ಭಯವೂ ಆ ಹೆಸರಿನಲ್ಲಿ ಕೇಳಿಸುತ್ತದೆ. 'ಮಣ್ಣುಮುಕ್ಕ' ಎಂಬ ಹೆಸರಿನಲ್ಲಿ ಅದರ ವಾಸದ ನೆಲವಿದೆ, ಮಣ್ಣು ತಿನ್ನುತ್ತದೆ ಎಂಬ ತಪ್ಪು ಊಹೆಯೂ ಇದೆ. ಜನರ ಹೆಸರುಗಳೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅದೇ ಕುಲದ ಇನ್ನೊಂದು ಹಾವಿನ ಮೊಂಡು ಬಾಲವನ್ನು ನೋಡಿ ನಾವು 'ಎರಡು ತಲೆ ಹಾವು' ಎಂದೆವು. ಆ ಹೆಸರಿನ ಸುತ್ತ ಅದೃಷ್ಟದ, ನಿಧಿಯ ಕಥೆಗಳು ಬೆಳೆದವು. ಅದನ್ನು ಹಿಡಿದು ಕದ್ದು ಮಾರುವ ಜಾಲಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಒಂದು ಹಾವಿನ ಜೀವ ಉಳಿಸಬಹುದಾಗಿದ್ದ ಮೊಂಡು ಬಾಲವೇ ಇನ್ನೊಂದು ಹಾವಿಗೆ ಮುಳುವಾಯಿತು.

ಹೆಸರನ್ನಷ್ಟೇ ಓದಿದರೆ ಎಡವುವುದು ಸುಲಭ ಎಂಬುದಕ್ಕೆ ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸುಂದರವಾದ ಹೊಂಡವಿದೆ, ಹೆಸರು ನಾಗಕುಂಡ. ಸಂಕೇತ ಹುಡುಕುತ್ತ ಅಲ್ಲಿಗೆ ಹೋಗಿದ್ದ ನಾನು ಹಾವಿನ ಶಿಲ್ಪವೆಲ್ಲಿದೆ ಎಂದು ಗೋಡೆಗಳನ್ನು ನೋಡುತ್ತ ನಿಂತಿದ್ದೆ. ಅದೇ ಊರಿನ ಜೋಡುಕಳಸದ ಗುಡಿಯನ್ನು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಅಧಿಕಾರಿಯ ಹೆಸರು ನಾಗದೇವ. 'ನಾಗ' ಎಂದಲ್ಲೆಲ್ಲ ಹಾವನ್ನು ಕಾಣುವವರು ಆ ಹೆಸರಿನ ಮನುಷ್ಯನನ್ನೂ ನೆನೆಯಬೇಕು.

ಆಧುನಿಕ ಕನ್ನಡದಲ್ಲಿ ಗುರುತಿಸುವುದನ್ನೇ ಕಥೆಯಾಗಿಸಿದ ಒಂದು ಕಾದಂಬರಿಯಿದೆ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ', 1980ರದು. ಅಲ್ಲಿ ಹುಡುಕುವುದು ಹಾವನ್ನಲ್ಲ, ಹಾರುವ ಓತಿಯನ್ನು. ವಿಜ್ಞಾನಿ ಕರ್ವಾಲೋಗೆ ಅದರ ಮಹತ್ವ ಗೊತ್ತು, ಆದರೆ ಅದನ್ನು ಮೊದಲು ಕಂಡವನು ಊರಿನವರ ಲೆಕ್ಕದಲ್ಲಿ ಉಡಾಳನಾದ ಮಂದಣ್ಣ. ಕರ್ವಾಲೋ ಅವನ ನೋಟವನ್ನು ನಂಬುತ್ತಾರೆ. ಕಾದಂಬರಿಯ ಹೆಚ್ಚಿನ ತಮಾಷೆಯೂ ಗಾಂಭೀರ್ಯವೂ ಆ ನಂಬಿಕೆಯಿಂದ ಬರುತ್ತದೆ. ನಾನು ಹೊಲದಲ್ಲಿ ಮಾಡದೆ ಬಿಟ್ಟದ್ದು ಅದನ್ನೇ. ಅಜ್ಜಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳನ್ನು ಕೇಳಬೇಕೆಂದು ಮಾಮಾನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಓದಿದಾಕಿ ನಾನಿದ್ದೆನಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು. ಸಾಹಿತ್ಯ ಪ್ರಾಣಿಶಾಸ್ತ್ರದ ಕೈಪಿಡಿಯಲ್ಲ. ಹಾವು ಗುರುತಿಸಲು ರಾಮ್ಯುಲಸ್ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ 2004ರ ಪುಸ್ತಕವಿದೆ, ಕಾವ್ಯದಿಂದ ಆ ಕೆಲಸ ಯಾಕೆ ಬಯಸಬೇಕು? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಚ್ಚಿದ ಮೇಲೂ ಹಾವಿನ ಗುರುತು ಬೇಕಿಲ್ಲ ಎನ್ನಬಹುದು. ಅದು ನಿಜವೂ ಹೌದು. ನಮ್ಮ ದೇಶದಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ. ವೈದ್ಯರು ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ಹಾವನ್ನು ಹುಡುಕುತ್ತ, ಹೊಡೆಯುತ್ತ, ಚೀಲದಲ್ಲಿ ತರುತ್ತ ಹೊತ್ತು ಕಳೆಯಬೇಡಿ, ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ತನ್ನಿ ಎಂದೇ ಅವರು ಹೇಳುವುದು. 2000ರಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇಷ್ಟು ಸಾವಿನ ಎದುರು ಸಂಕೇತವೋ ಜಾತಿಯೋ ಎಂಬ ನನ್ನ ಜಗಳ ಸಣ್ಣದಾಗಿ ಕಾಣಬಹುದು.

ಗುರುತಿನ ಉಪಯೋಗ ಕಚ್ಚಿದ ಮೇಲಿನದಲ್ಲ, ಕಚ್ಚುವ ಮೊದಲಿನದು. ಯಾವ ನೆಲದಲ್ಲಿ ಯಾವುದಿರುತ್ತದೆ ಎಂದು ತಿಳಿದವರು ಎಲ್ಲಿ ಕೈಹಾಕಬಾರದು ಎಂಬುದನ್ನೂ ತಿಳಿದಿರುತ್ತಾರೆ. ಬೇಸಿಗೆಯಲ್ಲಿ ರೋಣದ ಎರಿ ಹೊಲ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಆ ಬಿರುಕು ಇಲಿಗೂ ಮನೆ, ಇಲಿಯ ಹಿಂದೆ ಬಂದದ್ದಕ್ಕೂ ಮನೆ. ನರಗುಂದದ ಕಡೆ ಮಲಪ್ರಭೆಯ ಕಾಲುವೆ ಇದೆ, ಕಪ್ಪೆ ಇದ್ದಲ್ಲಿ ನೀರುಹಾವು ಇರುತ್ತದೆ. ಗಜೇಂದ್ರಗಡದ ಗುಡ್ಡದ ಕಲ್ಲು, ಕುರುಚಲು ಒಣ ನೆಲ ಗರಗಸಮಂಡಲಕ್ಕೆ ಒಗ್ಗುವಂಥದ್ದು. ಅದು ಗೇಣುದ್ದವಿದ್ದರೂ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತದೆ. ಮೂರು ಊರುಗಳ ನಡುವಿನ ದೂರ ಬಸ್ಸಿನಲ್ಲಿ ಬಹಳವೇನಲ್ಲ, ಹಾವಿನ ಲೆಕ್ಕದಲ್ಲಿ ಮೂರು ಬೇರೆ ನೆಲ. ಗುರುತಿಸಲಾದ ಕಡಿತಗಳಲ್ಲಿ ಕೊಳಕುಮಂಡಲದ ಪಾಲು ನಾಗರಹಾವಿನದ್ದಕ್ಕಿಂತ ಬಹಳ ಹೆಚ್ಚು. ಆದರೂ ನಮ್ಮ ಮನಸ್ಸಿನಲ್ಲಿ ಹೆಡೆಯಿಲ್ಲದ್ದು ಹಾವೇ ಅಲ್ಲ, ಅಥವಾ ಹಾವಾದದ್ದೆಲ್ಲ ಒಂದೇ. ಈ ಎರಡೂ ಮನೋಭಾವಕ್ಕೆ ಸಾಹಿತ್ಯ ಮತ್ತು ಅದನ್ನು ಓದಿಸುವ ನಾವು ಸಾಕಷ್ಟು ಕೊಡುಗೆ ಕೊಟ್ಟಿದ್ದೇವೆ.

ಕವಿಗಳು ಜಾತಿಯ ಹೆಸರು ಬರೆಯಬೇಕು ಎಂದು ನಾನು ಬೇಡುತ್ತಿಲ್ಲ. ವಿಮರ್ಶಕರು ಪ್ರಶ್ನೆಗಳ ಸರದಿಯನ್ನು ಬದಲಿಸಿದರೆ ಸಾಕು. 'ಇದರ ಅರ್ಥವೇನು?' ಎನ್ನುವುದಕ್ಕಿಂತ ಮೊದಲು 'ಇದು ಯಾವ ಹಾವು?' ಎಂದು ಕೇಳೋಣ. ಉತ್ತರ ಎಷ್ಟೋ ಸಲ ನಾಗರಹಾವೇ ಆಗಿರುತ್ತದೆ, ಆಗಲಿ. ಕೇಳುವ ಹೊತ್ತಿಗೆ ನಾವು ಹುತ್ತವನ್ನು, ಮೋರಿಯನ್ನು, ರಾತ್ರಿಯನ್ನು, ನೋಡಿದವಳ ಕಣ್ಣನ್ನು ನೋಡಿರುತ್ತೇವೆ. ಹೂವು, ಹಕ್ಕಿ, ಮರಗಳ ವಿಷಯದಲ್ಲೂ ಇದೇ ಮಾತು. ಹಾವಿನ ವಿಷಯದಲ್ಲಿ ಮಾತ್ರ ತಪ್ಪು ಓದಿಗೆ ತಕ್ಷಣ ಒಂದು ಜೀವ ಹೋಗುತ್ತದೆ, ಕೆಲವೊಮ್ಮೆ ಹಾವಿನದು, ಕೆಲವೊಮ್ಮೆ ಮನುಷ್ಯರದು.

ಈ ಸಲದ ಪಂಚಮಿಗೆ ಊರಿಗೆ ಹೋಗಿದ್ದೆ. ಅಜ್ಜಿಯ ಮನೆಗೂ ಹೋಗಿ ಒಂದು ಉಂಡಿ ತಿಂದು ಬಂದೆ. ಹಾವುಗಳ ಬಗ್ಗೆ ಕೇಳಿದರೆ, "ಹಬ್ಬದ ದಿನ ಅದರ ಮಾತ್ಯಾಕ ತಂಗೀ? ಸುಗ್ಗ್ಯಾಗ ಬಾ, ತೋರಿಸ್ತೀನಿ" ಎಂದಳು. ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ಆ ಚಿತ್ರ ಇನ್ನೂ ಇದೆ. ಅಂದು ಅದಕ್ಕೆ 'ಮಂಡಲ, ರೋಣ' ಎಂದು ಹೆಸರು ಕೊಟ್ಟು ಇಟ್ಟಿದ್ದೆ. ಈಗ ಬದಲಿಸಿದ್ದೇನೆ: 'ಮಣ್ಣುಮುಕ್ಕ, ಬಾಲ ನೋಡಿರಲಿಲ್ಲ.'